ಚರಿತ್ರೆಯಿಂದ ಚಾರಿತ್ರ್ಯಕ್ಕೆ: ದಾವಣಗೆರೆ-ಹರಿಹರದ ಹರ್ಡೇಕರ್ ಮಂಜಪ್ಪ

ಎಳೆಯರಿಗಾಗಿ ಬರೆದ ಜೀವನಚರಿತ್ರೆಗಳು ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಪುಸ್ತಕಮಾಲೆಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ೧೯೬೭ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಸಚಿತ್ರ ಪುಸ್ತಿಕೆಗಳು, ೧೯೭೦ರ ದಶಕದಲ್ಲಿ ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು ಪ್ರಕಟಿಸಿದ ಭಾರತ-ಭಾರತಿ ಮಾಲೆಯ ಕಿರುಹೊತ್ತಗೆಗಳು ಒಂದೆರಡು ತಲೆಮಾರುಗಳ ಚರಿತ್ರೆಯ ತಿಳಿವಳಿಕೆಯನ್ನು ರೂಪಿಸಿದವು. ಇಂತಹ ಪುಸ್ತಕಗಳಿಗೆ ತಮ್ಮದೇ ಆದ ಒಂದು ವ್ಯಾಕರಣವಿದೆ. ಬಾಲ್ಯದಲ್ಲಿ ಹಿರಿಮೆಯ ಸುಳುಹು, ಯೌವನದಲ್ಲಿ ಒಂದು ನಿರ್ಣಾಯಕ ತಿರುವು, ಎದುರಾದ ಅಡೆತಡೆ, ಸಾಧನೆ, ಕೊನೆಗೆ ಲೋಕದ ಮನ್ನಣೆ ಎಂಬ ಕ್ರಮದಲ್ಲಿ ಬದುಕು ಚೌಕಟ್ಟು ಚೌಕಟ್ಟಾಗಿ ಸಾಗುತ್ತದೆ. ಚಿತ್ರಕ್ಕೆ ಒಗ್ಗುವ ಘಟನೆ ಉಳಿಯುತ್ತದೆ, ಒಗ್ಗದ ವರ್ಷಗಳು ಬಿಟ್ಟುಹೋಗುತ್ತವೆ.

ಈ ವ್ಯಾಕರಣ ಚಿತ್ರಪುಸ್ತಕಗಳೊಡನೆ ಹುಟ್ಟಿದ್ದಲ್ಲ. ಮಹಾಪುರುಷರ ಬದುಕನ್ನು ಸುಲಭವಾದ ಭಾಷೆಯಲ್ಲಿ, ಕಡಿಮೆ ಪುಟಗಳಲ್ಲಿ ಹೇಳಿ ತರುಣರ ನಡತೆಯನ್ನು ತಿದ್ದಬೇಕೆಂಬ ವಿಚಾರ ಕನ್ನಡದಲ್ಲಿ ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆಯೇ ಬೇರೂರಿತ್ತು. ಅದನ್ನು ತಮ್ಮ ಬದುಕಿನ ಕಾರ್ಯಕ್ರಮವಾಗಿಸಿಕೊಂಡವರಲ್ಲಿ ಹರ್ಡೇಕರ್ ಮಂಜಪ್ಪನವರು (೧೮೮೬-೧೯೪೭) ಪ್ರಮುಖರು. ಅವರ ಕಾರ್ಯಕ್ಷೇತ್ರವಾಗಿದ್ದುದು ಮೊದಲು ದಾವಣಗೆರೆ, ಅನಂತರ ಹರಿಹರ. ಕರ್ನಾಟಕದ ಗಾಂಧಿ ಎಂಬ ಬಿರುದಿನಿಂದ ನಾಡಿಗೆ ಪರಿಚಿತರಾದ ಮಂಜಪ್ಪನವರನ್ನು ಜೀವನಚರಿತ್ರೆಕಾರರಾಗಿ ಗಮನಿಸಿ, ಅವರ ಬದುಕಿಗೂ ಅವರು ಕಟ್ಟಿಕೊಟ್ಟ ಬದುಕುಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಬನವಾಸಿಯಿಂದ ದಾವಣಗೆರೆಗೆ

ಮಂಜಪ್ಪನವರು ೧೮೮೬ರ ಫೆಬ್ರವರಿ ೧೮ರಂದು ಶಿರಸಿ ತಾಲ್ಲೂಕಿನ ಬನವಾಸಿಯಲ್ಲಿ ಒಂದು ಬಡ ಕುಟುಂಬದಲ್ಲಿ ಜನಿಸಿದರು. ಕದಂಬರ ರಾಜಧಾನಿಯಾಗಿದ್ದ, ಪಂಪನ ಕಾವ್ಯದಿಂದ ಕನ್ನಡಿಗರ ನೆನಪಿನಲ್ಲಿ ನೆಲೆಯೂರಿದ ಬನವಾಸಿ ಆ ಹೊತ್ತಿಗೆ ಮುಂಬಯಿ ಪ್ರಾಂತದ ಉತ್ತರ ಕನ್ನಡ ಜಿಲ್ಲೆಯ ಒಂದು ಸಣ್ಣ ಊರು. ಮುಂಬಯಿ ಪ್ರಾಂತದ ದೇಶಭಾಷಾ ಶಾಲೆಗಳ ಅಂತಿಮ ಪರೀಕ್ಷೆಯಾದ ಮುಲ್ಕಿಯನ್ನು ೧೯೦೩ರಲ್ಲಿ ಮುಗಿಸಿ, ಶಿರಸಿಯಲ್ಲಿ ತಿಂಗಳಿಗೆ ೭ ರೂಪಾಯಿ ಸಂಬಳದ ಶಿಕ್ಷಕರಾಗಿ ಸೇರಿದರು. ಕಾಲೇಜಿನ ಮೆಟ್ಟಿಲು ಹತ್ತದ, ಇಂಗ್ಲಿಷ್ ಶಿಕ್ಷಣದ ಹಾದಿಯಲ್ಲಿ ಸಾಗದ ಈ ಹಿನ್ನೆಲೆ ಮುಂದಿನ ಅವರ ಬರವಣಿಗೆಯ ಸ್ವರೂಪವನ್ನು ಅರಿಯಲು ಮುಖ್ಯವಾದುದು. ಅವರು ಯಾರಿಗಾಗಿ ಬರೆದರೋ ಆ ಓದುಗರೂ ಬಹುಮಟ್ಟಿಗೆ ಅಷ್ಟೇ ಓದಿದವರು: ಕನ್ನಡ ಶಾಲೆಯ ಮಾಸ್ತರರು, ಅಂಗಡಿಯ ಗುಮಾಸ್ತರು, ಮಠದ ವಿದ್ಯಾರ್ಥಿಗಳು, ಶಾಲೆ ಮುಗಿಸಿ ಕಸುಬಿಗೆ ಇಳಿದ ಹುಡುಗರು.

೧೯೦೫ರ ಬಂಗಾಳ ವಿಭಜನೆ ಹುಟ್ಟಿಸಿದ ಸ್ವದೇಶಿ ಚಳವಳಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ತಲುಪಿದ್ದು ಮುಖ್ಯವಾಗಿ ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯ ಮೂಲಕ. ಅದರ ಪ್ರಭಾವಕ್ಕೆ ಒಳಗಾದ ಮಂಜಪ್ಪನವರು ೧೯೦೬ರಲ್ಲಿ ಶಿಕ್ಷಕ ವೃತ್ತಿಗೆ ರಾಜೀನಾಮೆ ಕೊಟ್ಟರು. ಅಣ್ಣನೊಡನೆ ದಾವಣಗೆರೆಗೆ ಬಂದು ಅದೇ ವರ್ಷ ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಆರಂಭಿಸಿದಾಗ ಅವರಿಗೆ ವಯಸ್ಸು ಇಪ್ಪತ್ತು.

ದಾವಣಗೆರೆಯ ಆಯ್ಕೆ ವಿಚಾರಾರ್ಹವಾದುದು. ಆಗ ಅದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ ವ್ಯಾಪಾರದ ಊರು. ಅದು ಪ್ರತ್ಯೇಕ ಜಿಲ್ಲೆಯ ಕೇಂದ್ರವಾದದ್ದು ೧೯೯೭ರಲ್ಲಿ. ಹತ್ತಿ, ಕಂಬಳಿ, ಧಾನ್ಯಗಳ ವಹಿವಾಟಿನಿಂದ ಬೆಳೆದ ಈ ಪೇಟೆ ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗದ ಮೇಲಿತ್ತು. ಹತ್ತಿರದ ಹರಿಹರ ಸಂಸ್ಥಾನದ ಗಡಿ. ಅಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹೀಗಾಗಿ ಧಾರವಾಡದ ಕಡೆಯ ರಾಜಕೀಯ ವಿಚಾರಗಳೂ ಮೈಸೂರಿನ ಕಡೆಯ ವ್ಯಾಪಾರದ ಹಣವೂ ಸಂಧಿಸುವ ಎಡೆ ಅದಾಗಿತ್ತು. ಪತ್ರಿಕೆಯನ್ನು ಕೊಂಡು ಓದಬಲ್ಲ, ಸಾರ್ವಜನಿಕ ಕಾರ್ಯಗಳಿಗೆ ವಂತಿಗೆ ಕೊಡಬಲ್ಲ ವರ್ತಕ ಸಮುದಾಯವೂ ಅಲ್ಲಿತ್ತು. ರಾಜಧಾನಿಗಳ ವಿದ್ವತ್ ವಲಯದ ಆಶ್ರಯವಿಲ್ಲದೆ ಕನ್ನಡದ ಬರವಣಿಗೆಯೊಂದು ನಿಲ್ಲಬೇಕಾದರೆ ಇಂತಹ ಊರೇ ಬೇಕಿತ್ತು.

೨. ಧನುರ್ಧಾರಿಯ ಕಾಲ

ಧನುರ್ಧಾರಿಗೆ ಕೇಸರಿಯೇ ಮಾದರಿ. ತಿಲಕರ ವಿಚಾರಗಳನ್ನು ಕನ್ನಡಕ್ಕೆ ತರುವುದು, ಸ್ವದೇಶಿ ವ್ರತವನ್ನು ಬೋಧಿಸುವುದು, ನಾಡಿನ ಹಿರಿಯರ ಬದುಕನ್ನು ಓದುಗರ ಮುಂದಿಡುವುದು ಅದರ ಕೆಲಸವಾಗಿತ್ತು. ಆದರೆ ಕಾಲ ಅನುಕೂಲವಾಗಿರಲಿಲ್ಲ. ೧೯೦೮ರಲ್ಲಿ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಕಳುಹಿಸಲಾಯಿತು. ಅದೇ ವರ್ಷ ದಿವಾನ್ ವಿ.ಪಿ. ಮಾಧವರಾವ್ ಅವರ ಆಡಳಿತದಲ್ಲಿ ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳನ್ನು ನಿಯಂತ್ರಿಸುವ ಕಾಯಿದೆಯನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ ಆಗಿತ್ತು. ನೇರ ರಾಜಕೀಯ ವಿಮರ್ಶೆಗೆ ಎಡೆ ಕಿರಿದಾದ ಈ ಸನ್ನಿವೇಶದಲ್ಲಿ ಜೀವನಚರಿತ್ರೆಯ ಪ್ರಾಮುಖ್ಯ ಹೆಚ್ಚಿತೆಂದು ಊಹಿಸಲು ಅವಕಾಶವಿದೆ. ಆಳುವವರನ್ನು ಟೀಕಿಸುವ ಲೇಖನಕ್ಕೆ ತಡೆಯಿರಬಹುದು. ಸತ್ಪುರುಷನೊಬ್ಬನ ತ್ಯಾಗ, ಸ್ವಾವಲಂಬನೆ, ನಿರ್ಭಯತೆಗಳನ್ನು ವರ್ಣಿಸುವ ಚರಿತ್ರೆಯನ್ನು ತಡೆಯುವುದು ಕಷ್ಟ.

ಕನ್ನಡದಲ್ಲಿ ಆಧುನಿಕ ಜೀವನಚರಿತ್ರೆ ರೂಪುಗೊಳ್ಳುತ್ತಿದ್ದ ಕಾಲವೂ ಅದೇ. ಎಂ.ಎಸ್. ಪುಟ್ಟಣ್ಣನವರ ಕುಣಿಗಲ ರಾಮಾಶಾಸ್ತ್ರಿಗಳ ಚರಿತ್ರೆ ಹೊರಬಂದದ್ದು ೧೯೧೦ರ ಸುಮಾರಿಗೆ. ಧಾರವಾಡದಲ್ಲಿ ಆಲೂರ ವೆಂಕಟರಾಯರು ಮೊದಲು ವಿದ್ಯಾರಣ್ಯರ ಚರಿತ್ರೆಯನ್ನೂ, ೧೯೧೭ರಲ್ಲಿ ಕರ್ನಾಟಕ ಗತವೈಭವವನ್ನೂ ಬರೆದರು. ಪುಟ್ಟಣ್ಣನವರಿಗೆ ವ್ಯಕ್ತಿಯ ಕಾಲ, ಪರಿಸರ, ನಡೆನುಡಿಗಳ ವಿವರದಲ್ಲಿ ಆಸಕ್ತಿ. ವೆಂಕಟರಾಯರಿಗೆ ನಾಡಿನ ಅಭಿಮಾನವನ್ನು ಎಚ್ಚರಿಸುವ ಹಂಬಲ. ಮಂಜಪ್ಪನವರ ಒಲವು ಈ ಎರಡರಿಂದಲೂ ಬೇರೆ. ಅವರಿಗೆ ಚರಿತ್ರೆ ಬೇಕಾದದ್ದು ಚಾರಿತ್ರ್ಯಕ್ಕಾಗಿ. ಒಂದು ಬದುಕನ್ನು ಓದಿದ ತರುಣ ಮರುದಿನ ಬೆಳಿಗ್ಗೆ ತನ್ನ ದಿನಚರಿಯನ್ನು ಬದಲಿಸಿಕೊಳ್ಳಬೇಕೆಂಬುದು ಅವರ ನಿರೀಕ್ಷೆ. ಬ್ರಹ್ಮಚರ್ಯ, ಕರ್ತವ್ಯ, ಶ್ರಮ, ಮಿತವ್ಯಯ ಮುಂತಾದ ವಿಷಯಗಳ ಮೇಲೆ ಅವರು ಬರೆದ ಕಿರುಪುಸ್ತಕಗಳನ್ನೂ ಮಹಾಪುರುಷರ ಚರಿತ್ರೆಗಳನ್ನೂ ಬೇರೆ ಬೇರೆಯಾಗಿ ಓದಲಾಗದು. ಮೊದಲನೆಯವು ಸೂತ್ರ, ಎರಡನೆಯವು ಉದಾಹರಣೆ.

ಬರೆದದ್ದನ್ನು ಬದುಕಿ ತೋರಿಸಬೇಕೆಂಬ ನಿಯಮವನ್ನು ಅವರು ಮೊದಲು ಹೇರಿಕೊಂಡದ್ದು ತಮ್ಮ ಮೇಲೆಯೇ. ದಾವಣಗೆರೆಯ ವರ್ಷಗಳಲ್ಲಿಯೇ ಆಜೀವ ಬ್ರಹ್ಮಚರ್ಯದ ವ್ರತವನ್ನು ಕೈಗೊಂಡು, ಕೊನೆಯವರೆಗೂ ಅದರಂತೆ ನಡೆದರು. ಅಲ್ಲಿಂದ ಮುಂದೆ ಅವರಿಗೆ ಮನೆಯಾದದ್ದು ಮಠ, ಆಶ್ರಮ ಮತ್ತು ವಿದ್ಯಾಲಯ.

೩. ಪುರಾಣಪುರುಷ ಮತ್ತು ಚರಿತ್ರಪುರುಷ

ದಾವಣಗೆರೆಯ ವಿರಕ್ತಮಠದಲ್ಲಿ ಆಗ ಇದ್ದವರು ಮೃತ್ಯುಂಜಯ ಸ್ವಾಮಿಗಳು. ಮುಂದೆ ಧಾರವಾಡದ ಮುರುಘಾಮಠದ ಅಧಿಪತಿಗಳಾಗಿ, ಬಡ ವಿದ್ಯಾರ್ಥಿಗಳ ಉಚಿತ ಪ್ರಸಾದನಿಲಯದಿಂದ ಹೆಸರಾದವರು ಇವರೇ. ಅವರ ನೆರವಿನಿಂದ ಮಂಜಪ್ಪನವರು ೧೯೧೧ರಲ್ಲಿ ಶ್ರಾವಣಮಾಸದ ಭಜನಾ ಸಂಘವನ್ನು ಕಟ್ಟಿದರು. ಭಜನೆಯ ಜೊತೆಗೆ ಉಪನ್ಯಾಸ, ಶರಣರ ಬದುಕಿನ ಕಥನ ಇವು ಸೇರಿಕೊಂಡು ಊರಿನ ತರುಣರಿಗೆ ಅದೊಂದು ಶಾಲೆಯೇ ಆಯಿತು. ಈ ಸಿದ್ಧತೆಯ ಫಲವಾಗಿ ೧೯೧೩ರಲ್ಲಿ ಅದೇ ವಿರಕ್ತಮಠದಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆ ಮೊದಲಾಯಿತು. ೧೮೯೦ರ ದಶಕದಲ್ಲಿ ಪುಣೆಯಲ್ಲಿ ತಿಲಕರು ಆರಂಭಿಸಿದ ಸಾರ್ವಜನಿಕ ಗಣೇಶೋತ್ಸವ ಮತ್ತು ಶಿವಾಜಿ ಉತ್ಸವಗಳ ಮಾದರಿ ಕಣ್ಣೆದುರಿಗಿತ್ತು. ದಾವಣಗೆರೆಯಲ್ಲಿ ಮೊದಲ ಜಯಂತಿ ನಡೆದಾಗ ತಿಲಕರು ಇನ್ನೂ ಮಂಡಾಲೆಯ ಸೆರೆಮನೆಯಲ್ಲಿದ್ದರು.

ಈ ಘಟನೆಯನ್ನು ಸಾಮಾನ್ಯವಾಗಿ ಧಾರ್ಮಿಕ ಸುಧಾರಣೆಯ ಚರಿತ್ರೆಯಲ್ಲಿ ಗುರುತಿಸಲಾಗುತ್ತದೆ. ಜೀವನಚರಿತ್ರೆಯ ಚರಿತ್ರೆಯಲ್ಲಿಯೂ ಇದಕ್ಕೆ ಸ್ಥಾನವಿದೆ. ೧೩೬೯ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದ ಪರಂಪರೆಯಲ್ಲಿ ಬಸವಣ್ಣ ಶಿವನ ಆಣತಿಯಂತೆ ಭೂಮಿಗಿಳಿದ ನಂದಿಯ ಅವತಾರ. ಪವಾಡಗಳೇ ಆ ಬದುಕಿನ ಮೈಲಿಗಲ್ಲುಗಳು. ಪುರಾಣಪುರುಷನನ್ನು ಪೂಜಿಸಬಹುದು, ಅನುಕರಿಸಲಾಗದು. ಜಯಂತಿಯಾದರೋ ಮನುಷ್ಯನ ಹುಟ್ಟನ್ನು ಕೇಳುತ್ತದೆ: ತಿಥಿ, ಊರು, ತಂದೆತಾಯಿ, ಬೆಳೆದ ಬಗೆ, ಕೈಗೊಂಡ ಉದ್ಯೋಗ, ಎದುರಿಸಿದ ವಿರೋಧ ಇವೆಲ್ಲವೂ ಬೇಕಾಗುತ್ತವೆ. ವೈಶಾಖ ಶುದ್ಧ ತದಿಗೆಯ ದಿನ ಉಪನ್ಯಾಸಕ್ಕೆ ನಿಂತವನು ಕಲ್ಯಾಣದ ಬಿಜ್ಜಳನ ಭಂಡಾರಿಯ ಬದುಕನ್ನು ಹೇಳಲೇಬೇಕು. ಹಬ್ಬವೇ ಚರಿತ್ರೆಯನ್ನು ಬರೆಯಿಸಿತು ಎನ್ನಬಹುದು. ಮಂಜಪ್ಪನವರ ಬಸವ ಚರಿತ್ರೆ ಈ ಅಗತ್ಯದ ಬೆಳೆ.

ಆ ಹೊತ್ತಿನ ವಿದ್ವತ್ ಸನ್ನಿವೇಶವನ್ನೂ ಇಲ್ಲಿ ನೆನೆಯಬೇಕು. ಅಬ್ಬಲೂರಿನ ಶಾಸನಗಳ ಅಧ್ಯಯನದಿಂದ ಜೆ.ಎಫ್. ಫ್ಲೀಟ್ ಅವರು ಈ ಧಾರ್ಮಿಕ ಚಳವಳಿಯ ಮೂಲವನ್ನು ಏಕಾಂತದ ರಾಮಯ್ಯನಲ್ಲಿ ಅರಸಿ, ಬಸವಣ್ಣನ ಪಾತ್ರವನ್ನು ಗೌಣಗೊಳಿಸಿದ್ದರು. ಬಸವಣ್ಣನನ್ನು ಹೆಸರಿಸುವ ೧೨೬೦ರ ಅರ್ಜುನವಾಡ ಶಾಸನ ಆಗ ಇನ್ನೂ ಚರ್ಚೆಗೆ ಬಂದಿರಲಿಲ್ಲ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಪ್ರಕಟವಾದದ್ದು ೧೯೨೩ರಲ್ಲಿ, ಶಿವಾನುಭವ ಪತ್ರಿಕೆ ಹೊರಟದ್ದು ೧೯೨೬ರಲ್ಲಿ. ವಚನಗಳ ವ್ಯವಸ್ಥಿತ ಸಂಪಾದನೆಗೂ ಶಾಸನಾಧಾರಗಳ ಚರ್ಚೆಗೂ ಮೊದಲೇ ದಾವಣಗೆರೆಯ ಈ ಪತ್ರಕರ್ತ ಬಸವಣ್ಣನನ್ನು ಚರಿತ್ರೆಯ ವ್ಯಕ್ತಿಯಾಗಿ ಜನರ ಮುಂದೆ ನಿಲ್ಲಿಸಿದರು. ವಿದ್ವಾಂಸರು ಆಧಾರಗಳಿಂದ ವ್ಯಕ್ತಿಯ ಕಡೆಗೆ ನಡೆದರೆ, ಮಂಜಪ್ಪನವರು ವ್ಯಕ್ತಿಯಿಂದ ಓದುಗನ ಕಡೆಗೆ ನಡೆದರು.

ಈ ನಡಿಗೆಯಲ್ಲಿ ಒಂದು ಅಪಾಯವೂ ಇತ್ತು. ಕಾಯಕದ ಕಲ್ಪನೆ ಅವರ ಕೈಯಲ್ಲಿ ಸ್ವದೇಶಿಯ ಸ್ವಾವಲಂಬನೆಗೂ, ಮುಂದೆ ಗಾಂಧೀಜಿಯವರ ಶ್ರಮಧರ್ಮಕ್ಕೂ ಹತ್ತಿರವಾಯಿತು. ಹನ್ನೆರಡನೆಯ ಶತಮಾನದ ಶರಣರ ಬದುಕಿನಲ್ಲಿ ಇಪ್ಪತ್ತನೆಯ ಶತಮಾನದ ತರುಣನಿಗೆ ಬೇಕಾದ ಗುಣಗಳು ಎದ್ದು ಕಾಣತೊಡಗಿದವು. ವಚನಗಳ ಅನುಭಾವ, ಅವುಗಳ ಒಳಗಿನ ಸಂಶಯ, ತಳಮಳಗಳು ಹಿಂದೆ ಸರಿದವು. ನೀತಿಗಾಗಿ ಬರೆದ ಚರಿತ್ರೆ ತೆರುವ ಬೆಲೆ ಇದು. ಮಕ್ಕಳ ಸಚಿತ್ರ ಚರಿತ್ರೆಗಳು ಮುಂದೆ ತೆತ್ತ ಬೆಲೆಯೂ ಇದೇ. ಆದರೆ ಮಂಜಪ್ಪನವರ ಆಯ್ಕೆಯನ್ನು ಅವರ ಕಾಲದ ಓದುಗನ ಎದುರಿಗಿಟ್ಟು ನೋಡಿದಾಗ ಅದರ ನ್ಯಾಯವೂ ತೋರುತ್ತದೆ. ಪವಾಡದ ಹೊರತು ಬೇರೆ ಬಗೆಯಲ್ಲಿ ಬಸವಣ್ಣನನ್ನು ಕೇಳಿ ಅರಿಯದ ಹುಡುಗನಿಗೆ, ಇವನೂ ದುಡಿದು ಉಂಡ ಮನುಷ್ಯ ಎಂಬ ಸುದ್ದಿಯೇ ಒಂದು ಬಿಡುಗಡೆ.

೪. ಹರಿಹರದ ಆಶ್ರಮ

ಮಂಜಪ್ಪನವರು ಕೈಗೆತ್ತಿಕೊಂಡ ಎರಡನೆಯ ದೊಡ್ಡ ಬದುಕು ಗಾಂಧೀಜಿಯವರದು. ಗಾಂಧೀಜಿಯವರ ಆತ್ಮಕಥೆ ೧೯೨೫ರಲ್ಲಿ ನವಜೀವನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗುವ ಮೊದಲೇ ಅವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ಪರಿಚಯಿಸಿದ ಮೊದಲಿಗರ ಸಾಲಿನಲ್ಲಿ ಮಂಜಪ್ಪನವರಿದ್ದಾರೆ. ಬಸವಣ್ಣನ ಬದುಕು ಎಂಟು ಶತಮಾನಗಳ ಹಿಂದಿನದು; ಗಾಂಧೀಜಿಯವರದು ಕಣ್ಣೆದುರಿಗೆ ನಡೆಯುತ್ತಿದ್ದುದು. ನಡೆಯುತ್ತಿರುವ ಬದುಕನ್ನು ಬರೆಯುವವನಿಗೆ ಮುಕ್ತಾಯ ತಿಳಿದಿರುವುದಿಲ್ಲ; ಬರೆದು ಮುಗಿಸಿದ ಮೇಲೆಯೂ ಅದು ತನ್ನನ್ನು ಕೇಳುತ್ತಲೇ ಇರುತ್ತದೆ. ತಿಲಕಯುಗದ ಧನುರ್ಧಾರಿಯ ಸಂಪಾದಕ ಗಾಂಧಿಯುಗದ ಆಶ್ರಮವಾಸಿಯಾಗಿ ಮಾರ್ಪಟ್ಟದ್ದರಲ್ಲಿ ಈ ಬರವಣಿಗೆಯ ಪಾಲು ಸಣ್ಣದಲ್ಲ.

೧೯೨೦ರ ದಶಕದ ಆರಂಭದಲ್ಲಿ ಮಂಜಪ್ಪನವರು ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಸಾಬರಮತಿ ಅದಕ್ಕೆ ಮಾದರಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಈ ಊರಿಗೆ ಹೆಸರು. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಕಾಣುವ ಈ ಕ್ಷೇತ್ರದಲ್ಲಿ ಶರಣರ ಕಾಯಕವನ್ನೂ ಗಾಂಧೀಜಿಯವರ ಸತ್ಯಾಗ್ರಹವನ್ನೂ ಒಂದೇ ದಿನಚರಿಯಲ್ಲಿ ಕೂಡಿಸುವ ಪ್ರಯತ್ನ ನಡೆಯಿತು. ಪುಸ್ತಕದಲ್ಲಿ ಹೇಳಿದ ಬದುಕನ್ನು ನೆಲದ ಮೇಲೆ ಇಳಿಸಿ ನೋಡುವ ಪರೀಕ್ಷೆ ಅದು.

ಹರಿಹರದ ಈ ಅಧ್ಯಾಯ ದೀರ್ಘಕಾಲದ್ದಾಗಲಿಲ್ಲ. ೧೯೨೭ರ ಹೊತ್ತಿಗೆ ಮಂಜಪ್ಪನವರು ಸಂಸ್ಥಾನದ ಗಡಿ ದಾಟಿ ವಿಜಾಪುರ ಜಿಲ್ಲೆಯ ಆಲಮಟ್ಟಿಗೆ ಹೋದರು. ಅವರ ಜೀವನದ ಕುರಿತ ಬರಹಗಳಲ್ಲಿ ದಾವಣಗೆರೆಯ ಜಯಂತಿಗೂ ಆಲಮಟ್ಟಿಯ ವಿದ್ಯಾಲಯಕ್ಕೂ ದೊರೆಯುವ ಸ್ಥಳ ಹರಿಹರದ ವರ್ಷಗಳಿಗೆ ದೊರೆಯುವುದು ಕಡಿಮೆ. ಸಾಧನೆಯ ಸಾಲಿನಲ್ಲಿ ನಿಲ್ಲಿಸಲು ಅಲ್ಲಿ ಕಟ್ಟಡವಿಲ್ಲ, ವಾರ್ಷಿಕೋತ್ಸವವಿಲ್ಲ. ಆದರೆ ಹರಿಹರವನ್ನು ಬಿಟ್ಟರೆ ಬದುಕಿನ ತರ್ಕವೇ ಕಡಿದುಹೋಗುತ್ತದೆ. ಬರೆದು ಬೋಧಿಸುವ ಪತ್ರಕರ್ತನು ಜೊತೆಯಲ್ಲಿದ್ದು ಕಲಿಸುವ ಶಿಕ್ಷಕನಾಗಿ ಮರಳಿದ್ದು ಈ ಹೊಳೆಯ ದಂಡೆಯಲ್ಲಿ. ಶಿರಸಿಯಲ್ಲಿ ಬಿಟ್ಟ ಶಾಲೆಯನ್ನು ಅವರು ಬೇರೊಂದು ರೂಪದಲ್ಲಿ ಕಂಡುಕೊಂಡದ್ದು ಇಲ್ಲಿ.

೫. ಆಲಮಟ್ಟಿ ಮತ್ತು ಕೊನೆಯ ವರ್ಷಗಳು

ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ೧೯೨೭ರಲ್ಲಿ ಮೊದಲಾದ ವಿದ್ಯಾಲಯದಲ್ಲಿ ಓದಿನ ಜೊತೆಗೆ ಕೈಕೆಲಸಕ್ಕೂ ಸ್ಥಾನವಿತ್ತು. ಖಾದಿ ವಿಜಯ, ಉದ್ಯೋಗ, ಶರಣ ಸಂದೇಶ ಎಂಬ ಪತ್ರಿಕೆಗಳ ಹೆಸರುಗಳೇ ಅವರ ಆಸಕ್ತಿಯ ಮೂರು ಮುಖಗಳನ್ನು ಹೇಳುತ್ತವೆ. ತಮ್ಮ ಮೂವತ್ತು ವರ್ಷಗಳ ಸಾರ್ವಜನಿಕ ಬದುಕನ್ನು ಹಿಂತಿರುಗಿ ನೋಡಿ ಅವರು ಬರೆದ ಆತ್ಮಕಥನವೂ ಈ ಕಾಲದ್ದು. ಇತರರ ಚರಿತ್ರೆಗಳನ್ನು ಬರೆದವರು ತಮ್ಮ ಬದುಕನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಿದ ಪ್ರಯತ್ನವದು. ೧೯೪೭ರ ಜನವರಿ ೩ರಂದು, ಸ್ವಾತಂತ್ರ್ಯಕ್ಕೆ ಏಳು ತಿಂಗಳು ಉಳಿದಿರುವಾಗ, ಅವರು ತೀರಿಕೊಂಡರು.

ಮಂಜಪ್ಪನವರ ಹೆಸರಿನ ಬಗೆಗೆ ಒಂದು ಸ್ಪಷ್ಟೀಕರಣ ಅಗತ್ಯ. ೧೯೨೩ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಬೇರೆಯವರು. ಒಂದೇ ಕಾಲದ, ಒಂದೇ ಚಳವಳಿಯ ಈ ಇಬ್ಬರ ಹೆಸರುಗಳ ಹೋಲಿಕೆಯಿಂದ ವಿದ್ಯಾರ್ಥಿಗಳ ಬರಹಗಳಲ್ಲಿ ಒಬ್ಬರ ಕಾರ್ಯ ಇನ್ನೊಬ್ಬರ ಖಾತೆಗೆ ಸೇರುವ ಸಂಭವವಿದೆ.

೬. ಬಿರುದು ಮತ್ತು ಬದುಕು

೧೯೧೩ರಲ್ಲಿ ಒಂದು ಮಠದ ಅಂಗಳದಲ್ಲಿ ಮೊದಲಾದ ಜಯಂತಿ ಇಂದು ಕರ್ನಾಟಕದ ಸಾರ್ವತ್ರಿಕ ರಜಾದಿನ. ೨೦೨೪ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಚರಿತ್ರಪುರುಷನಾದ ಬಸವಣ್ಣನ ಈ ದೀರ್ಘ ಪಯಣದ ಒಂದು ಮುಖ್ಯ ನಿಲ್ದಾಣ ದಾವಣಗೆರೆ. ಆದರೆ ಆ ಪಯಣಕ್ಕೆ ಹೆಗಲು ಕೊಟ್ಟ ವ್ಯಕ್ತಿಯ ನೆನಪು ಬಹುಮಟ್ಟಿಗೆ ಒಂದು ಬಿರುದಿನಲ್ಲಿ ಅಡಗಿಹೋಗಿದೆ. ಕರ್ನಾಟಕದ ಗಾಂಧಿ ಎಂಬ ಹೆಸರು ಗೌರವದ್ದೇ ಆದರೂ ಅದು ಮಂಜಪ್ಪನವರನ್ನು ಇನ್ನೊಬ್ಬರ ನೆರಳಾಗಿ ತೋರಿಸುತ್ತದೆ. ಗಾಂಧೀಜಿ ಭಾರತಕ್ಕೆ ಹಿಂದಿರುಗಿದ್ದು ೧೯೧೫ರಲ್ಲಿ. ಅಷ್ಟರೊಳಗೆ ಮಂಜಪ್ಪನವರ ಪತ್ರಿಕೆ, ವ್ರತ, ಭಜನಾ ಸಂಘ, ಜಯಂತಿ ಎಲ್ಲವೂ ನಡೆದಿದ್ದವು. ಕಾಲಾನುಕ್ರಮದ ಈ ಸರಳ ಸಂಗತಿಯನ್ನು ಬಿರುದು ಮರೆಸುತ್ತದೆ.

ಇಲ್ಲಿ ಒಂದು ವಿಪರ್ಯಾಸವಿದೆ. ಮಹಾಪುರುಷರ ಬದುಕನ್ನು ಅನುಕರಣೀಯ ಗುಣಗಳ ಸಾಲಾಗಿ ನಿರೂಪಿಸಿದವರನ್ನು ಉತ್ತರಕಾಲ ಅದೇ ಕ್ರಮದಲ್ಲಿ ನೆನೆಯಿತು. ಏಳು ರೂಪಾಯಿಯ ನೌಕರಿ ಬಿಟ್ಟ ತರುಣ, ವ್ರತ ಹಿಡಿದ ಬ್ರಹ್ಮಚಾರಿ, ಜಯಂತಿಯ ಪ್ರವರ್ತಕ, ಖಾದಿ ಉಟ್ಟ ಗುರು ಎಂಬ ನಾಲ್ಕು ಚೌಕಟ್ಟುಗಳು ಚಿತ್ರಕ್ಕೆ ಸುಲಭವಾಗಿ ಒಗ್ಗುತ್ತವೆ. ವಾರವಾರವೂ ಪುಟ ತುಂಬಿಸಬೇಕಾದ ಸಂಪಾದಕನ ದುಡಿಮೆ, ಕಾಯಿದೆಯ ಕಣ್ಣಿನ ಕೆಳಗಿನ ಬರವಣಿಗೆ, ತಿಲಕರಿಂದ ಗಾಂಧೀಜಿಯವರ ಕಡೆಗೆ ನಡೆದ ಮನಸ್ಸಿನ ಪಲ್ಲಟ, ನೆಲೆಯೂರದ ಹರಿಹರದ ಆಶ್ರಮ ಇವು ಒಗ್ಗುವುದಿಲ್ಲ. ಆದರೆ ನಾಲ್ಕು ಚೌಕಟ್ಟುಗಳ ನಡುವಿನ ಸಂಬಂಧವನ್ನು ವಿವರಿಸಬಲ್ಲವು ಇವೇ.

ಎಳೆಯರಿಗಾಗಿ ಬರೆಯುವ ಚರಿತ್ರೆ ಸಂಕ್ಷೇಪವಾಗಿರಲೇಬೇಕು. ಆಯ್ಕೆ ಅದರ ಧರ್ಮ. ಪ್ರಶ್ನೆಯಿರುವುದು ಆಯ್ಕೆಯ ಅಳತೆಗೋಲಿನಲ್ಲಿ. ಫಲಿಸಿದ ಕಾರ್ಯಗಳನ್ನಷ್ಟೇ ಆಯ್ದುಕೊಂ‌ಡರೆ ಓದುವ ಹುಡುಗನಿಗೆ ದೊರೆಯುವುದು ಇನ್ನೊಂದು ಬಗೆಯ ಪುರಾಣ. ಪವಾಡದ ಜಾಗದಲ್ಲಿ ಯಶಸ್ಸು ಕೂರುತ್ತದೆ. ಬಸವಣ್ಣನನ್ನು ಅವತಾರದಿಂದ ಮನುಷ್ಯನ ಹುಟ್ಟಿಗೆ ತಂದ ಮಂಜಪ್ಪನವರ ಕೆಲಸದ ಆಶಯಕ್ಕೆ ಇದು ವಿರುದ್ಧವಾದುದು. ಅವರ ಚರಿತ್ರೆಯನ್ನು ಎಳೆಯರಿಗಾಗಿ ಬರೆಯುವವರು ದಾವಣಗೆರೆಯ ಜಯಂತಿಗೆ ಒಂದು ಪುಟ ಕೊಟ್ಟರೆ ಹರಿಹರದ ಹೊಳೆದಂಡೆಗೂ ಒಂದು ಪುಟ ಕೊಡಬೇಕಾಗುತ್ತದೆ. ಕನ್ನಡ ಜೀವನಚರಿತ್ರೆಯ ಅಧ್ಯಯನವೂ ಪುಟ್ಟಣ್ಣನವರ ಮೈಸೂರು, ವೆಂಕಟರಾಯರ ಧಾರವಾಡಗಳ ಜೊತೆಗೆ, ನಡುವಿನ ಈ ಎರಡು ಊರುಗಳನ್ನು ತನ್ನ ನಕ್ಷೆಯಲ್ಲಿ ಗುರುತಿಸಿಕೊಳ್ಳುವುದು ಅವಶ್ಯ.